ಕಳಿಸಿದವರ ವಿಳಾಸ ಖಾಲಿ ಇರುವ ಮೇಲ್ ತಡೆದರೆ ನಷ್ಟ ಯಾರಿಗೆ?

ಸಗಟು ವ್ಯಾಪಾರಿಗೆ ಮಾಲಿನ ಆರ್ಡರ್ ಮೇಲ್ ಮಾಡಿದ್ದೀರಿ. ಅವರ ಮೇಲ್‌ಬಾಕ್ಸ್ ತುಂಬಿತ್ತು, ಮೇಲ್ ಒಳಗೆ ಹೋಗಲೇ ಇಲ್ಲ. ತಲುಪಿಲ್ಲ ಅನ್ನೋ ಸುದ್ದಿಯೂ ನಿಮಗೆ ಬರಲಿಲ್ಲ. ವಾರ ಕಳೆದು ಫೋನ್ ಮಾಡಿದಾಗಲೇ ವಿಷಯ ಗೊತ್ತಾಗೋದು. ಇದಕ್ಕೆ ನಿಮ್ಮದೇ ಮೇಲ್ ಸರ್ವರ್‌ನ ಒಂದು ತಪ್ಪು ಸೆಟ್ಟಿಂಗ್ ಕಾರಣ ಇರಬಹುದು.

ಏನಿದು ಖಾಲಿ ವಿಳಾಸ?

ಅಂಚೆ ಪತ್ರದಂತೆ ಇ-ಮೇಲ್‌ಗೂ ಲಕೋಟೆ ಇದೆ. ನಾವು ಓದುವುದು ಒಳಗಿನ ಪತ್ರ. ಲಕೋಟೆ ನೋಡಿ ಕೆಲಸ ಮಾಡೋದು ಸರ್ವರ್‌ಗಳು. ಮೇಲ್ ತಲುಪದಿದ್ದರೆ ಲಕೋಟೆಯಲ್ಲಿರುವ ಕಳಿಸಿದವರ ವಿಳಾಸಕ್ಕೆ 'ಬೌನ್ಸ್' ಸಂದೇಶ ವಾಪಸ್ ಬರುತ್ತದೆ. ಈ ಬೌನ್ಸ್‌ನ ಲಕೋಟೆಯಲ್ಲಿ ಕಳಿಸಿದವರ ಜಾಗವನ್ನು ಬೇಕಂತಲೇ ಖಾಲಿ ಬಿಡುತ್ತಾರೆ. ಇಲ್ಲದಿದ್ದರೆ ತಲುಪದ ಬೌನ್ಸ್‌ಗೆ ಇನ್ನೊಂದು ಬೌನ್ಸ್, ಅದಕ್ಕೆ ಮತ್ತೊಂದು ಅಂತ ಎರಡು ಸರ್ವರ್‌ಗಳ ನಡುವೆ ಕೊನೆಯೇ ಇಲ್ಲದ ಚೆಂಡಾಟ ಶುರುವಾಗುತ್ತದೆ.

ನಿಯಮ ಏನು?

ಖಾಲಿ ವಿಳಾಸವನ್ನು ಸರ್ವರ್ ಒಪ್ಪಲೇಬೇಕು ಎಂದು 1989ರಲ್ಲೇ ಆರ್‌ಎಫ್‌ಸಿ 1123 ಎಂಬ ಇಂಟರ್ನೆಟ್ ನಿಯಮಾವಳಿ ಹೇಳಿದೆ. ಬೌನ್ಸ್ ಖಾಲಿ ವಿಳಾಸದಿಂದಲೇ ಹೋಗಬೇಕು ಎನ್ನುತ್ತದೆ 2008ರ ಆರ್‌ಎಫ್‌ಸಿ 5321. ಆದರೂ ಸ್ಪ್ಯಾಮ್ ಕಾಟ ತಾಳಲಾರದೆ ಕೆಲವರು ಇಂಥ ಮೇಲ್‌ಗಳನ್ನು ಸಾರಾಸಗಟಾಗಿ ಬ್ಲಾಕ್ ಮಾಡುತ್ತಾರೆ. ಆಗ ಸ್ಪ್ಯಾಮ್ ಜೊತೆ ಹೊರಗಿನಿಂದ ಬರುವ ಅಸಲಿ ಬೌನ್ಸ್‌ಗಳೂ ನಿಂತುಹೋಗುತ್ತವೆ. ಸ್ಪ್ಯಾಮ್ ತಡೆಯಬೇಕಾದ್ದು ಮೇಲ್‌ನ ಒಳಗೇನಿದೆ, ಎಲ್ಲಿಂದ ಬಂತು ಅಂತ ನೋಡಿ. ವಿಳಾಸ ಖಾಲಿ ಇದೆ ಅನ್ನೋ ಒಂದೇ ಕಾರಣಕ್ಕಲ್ಲ.

ಅಡ್ಮಿನ್ ಹೊಣೆ

ಸರ್ವರ್ ಒಂದು ಮೇಲ್ ಪಡೆದು '250' ಎಂಬ ಒಪ್ಪಿಗೆ ಸಂಕೇತ ಕೊಟ್ಟರೆ ಹೊಣೆ ಅದರದ್ದು: ತಲುಪಿಸಬೇಕು, ಇಲ್ಲವೇ ಆಗಲಿಲ್ಲ ಎಂದು ತಿಳಿಸಬೇಕು. ಜೊತೆಗೆ, ಮೇಲ್ ಸ್ವೀಕರಿಸುವ ಪ್ರತಿ ಡೊಮೇನ್‌ಗೂ 'ಪೋಸ್ಟ್‌ಮಾಸ್ಟರ್' ಹೆಸರಿನ ವಿಳಾಸ ಇರಲೇಬೇಕು. ಹೊರಗಿನವರು ದೂರು ಹೇಳಿಕೊಳ್ಳೋದು ಅಲ್ಲಿಗೇ. ಅದಕ್ಕೆ ಬಂದಿದ್ದನ್ನು ಒಬ್ಬರು ಓದುತ್ತಿರಬೇಕು.

ನೀವೇನು ಮಾಡಬೇಕು?

ಜಿಮೇಲ್‌ನಂಥ ವಿಳಾಸ ಬಳಸುವವರು ಈ ಸೆಟ್ಟಿಂಗ್ ಮುಟ್ಟಬೇಕಿಲ್ಲ. ಅಂಗಡಿ, ಸೊಸೈಟಿ, ಶಾಲೆ ಹೆಸರಲ್ಲಿ ಸ್ವಂತ ಡೊಮೇನ್ ಇದ್ದರೆ ಅದನ್ನು ನೋಡಿಕೊಳ್ಳುವವರಿಗೆ ಎರಡು ಪ್ರಶ್ನೆ ಕೇಳಿ: 'ಖಾಲಿ ವಿಳಾಸದ ಮೇಲ್ ಬ್ಲಾಕ್ ಆಗಿದೆಯಾ? ಪೋಸ್ಟ್‌ಮಾಸ್ಟರ್ ಮೇಲ್ ಯಾರು ನೋಡ್ತಾರೆ?'

ನೀವು ಕಳಿಸದೇ ಇದ್ದ ಮೇಲ್‌ಗೆ ಬೌನ್ಸ್ ಬಂದರೆ, ನಿಮ್ಮ ವಿಳಾಸವನ್ನು ಬೇರೆಯವರು ದುರ್ಬಳಕೆ ಮಾಡಿರಬಹುದು. ಅದರಲ್ಲಿನ ಲಿಂಕ್ ಒತ್ತಬೇಡಿ, ಪಾಸ್‌ವರ್ಡ್ ಬದಲಿಸಿ, ಅಡ್ಮಿನ್‌ಗೆ ತಿಳಿಸಿ. ದೊಡ್ಡ ಮೊತ್ತದ ಆರ್ಡರ್ ಆದರೆ ಮೇಲ್ ಜೊತೆ ಒಂದು ಫೋನೂ ಮಾಡಿಬಿಡಿ.