ಶಿಶುವಿನ ಕಿವಿಗೆ ಮೊದಲ ಪಾಠ

‘ಹತ್ತಿ’ ಬೇರೆ, ‘ಹಟ್ಟಿ’ ಬೇರೆ. ಕನ್ನಡದ ಮನೆಯಲ್ಲಿ ಬೆಳೆದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇಂಗ್ಲಿಷನ್ನು ಮಾತ್ರ ಕೇಳಿ ಬೆಳೆದವರಿಗೆ ನಮ್ಮ ತಕಾರ ಟಕಾರಗಳ ಅಂತರ ಸುಲಭವಾಗಿ ಕೇಳಿಸುವುದಿಲ್ಲ. ಅವರ ಕಿವಿಯಲ್ಲಿ ದೋಷವೇನೂ ಇಲ್ಲ. ಹಾಗಾದರೆ ಈ ಭೇದ ಉಂಟಾಗುವುದು ಯಾವಾಗ? ಮಾತನ್ನು ಮನುಷ್ಯನು ಗ್ರಹಿಸುವ ಬಗೆಯನ್ನು ಶೋಧಿಸುತ್ತಿರುವ ವಿಜ್ಞಾನಿಗಳು ಇದಕ್ಕೆ ಉತ್ತರವನ್ನು ತೊಟ್ಟಿಲಿನಲ್ಲಿ ಕಂಡುಕೊಂಡಿದ್ದಾರೆ.

ಮಾತು ಬಾರದ ಕೂಸು ಏನನ್ನು ಕೇಳುತ್ತಿದೆ ಎಂದು ತಿಳಿಯುವುದೆಂತು? 1971ರಲ್ಲಿ ಅಮೆರಿಕದ ಪೀಟರ್ ಐಮಾಸ್ ಮತ್ತು ಸಂಗಡಿಗರು ಒಂದು ಜಾಣ ಉಪಾಯವನ್ನು ಕೈಗೊಂಡರು. ಒಂದು ತಿಂಗಳಿನ ಹಾಗೂ ನಾಲ್ಕು ತಿಂಗಳಿನ ಶಿಶುಗಳಿಗೆ ಯಂತ್ರಕ್ಕೆ ಜೋಡಿಸಿದ ರಬ್ಬರಿನ ತೊಟ್ಟನ್ನು ಚೀಪಲು ಕೊಟ್ಟರು. ಒಂದೇ ಧ್ವನಿ ಮತ್ತೆ ಮತ್ತೆ ಕೇಳಿದಾಗ ಕೂಸು ಬೇಸತ್ತು ನಿಧಾನವಾಗಿ ಚೀಪುತ್ತದೆ. ಹೊಸ ಧ್ವನಿ ಬಂದೊಡನೆ ವೇಗ ಹೆಚ್ಚುತ್ತದೆ. ಬಕಾರದಿಂದ ಪಕಾರಕ್ಕೆ ಬದಲಾಯಿಸಿದಾಗ ಈ ವೇಗ ಏರಿತು. ಮಾತನಾಡುವುದಕ್ಕೆ ಎಷ್ಟೋ ಮೊದಲೇ ಮಗು ಅಕ್ಷರಗಳ ಭೇದವನ್ನು ಅರಿಯುತ್ತದೆ ಎಂಬುದು ಇದರಿಂದ ತಿಳಿಯಿತು.

1984ರಲ್ಲಿ ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಮತ್ತೊಂದು ಹೆಜ್ಜೆ ಮುಂದಿಟ್ಟರು. ಇಂಗ್ಲಿಷ್ ಮನೆಗಳ ಶಿಶುಗಳಿಗೆ ಅವರು ಕೇಳಿಸಿದ್ದು ಹಿಂದಿಯ ತಕಾರ ಟಕಾರಗಳನ್ನೇ! ಧ್ವನಿ ಬದಲಾದೊಡನೆ ತಲೆ ತಿರುಗಿಸಿದರೆ ಕೂಸಿಗೆ ಕುಣಿಯುವ ಆಟಿಕೆ ಕಾಣುತ್ತಿತ್ತು. ಆರರಿಂದ ಎಂಟು ತಿಂಗಳಿನ ಬಹುಪಾಲು ಶಿಶುಗಳು ಭೇದವನ್ನು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳಿನವುಗಳಲ್ಲಿ ಬಹುಪಾಲು ಗುರುತಿಸಲಾರದೆ ಹೋದವು. ಅದೇ ವಯಸ್ಸಿನ ಹಿಂದಿ ಮನೆಗಳ ಕೂಸುಗಳಿಗೆ ಮಾತ್ರ ಆ ಶಕ್ತಿ ಉಳಿದಿತ್ತು. ಎಂದರೆ, ಮಗು ಮೊದಲ ವರ್ಷದಲ್ಲಿಯೇ ತನ್ನ ಸುತ್ತಲಿನ ನುಡಿಗೆ ಕಿವಿಯನ್ನು ಹದಗೊಳಿಸಿಕೊಳ್ಳುತ್ತದೆ. ಬೆಳೆದವರು ಪರಭಾಷೆಯ ಧ್ವನಿಗಳನ್ನು ಅಭ್ಯಾಸದಿಂದ ಕಲಿಯಬಲ್ಲರು. ಆದರೆ ಅದಕ್ಕೆ ಶ್ರಮಪಡಬೇಕು.

ಈ ಹದವನ್ನು ಯಂತ್ರ ಕೊಡಬಲ್ಲುದೆ? 2003ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಪೆಟ್ರಿಶಿಯಾ ಕುಲ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ಒಂಬತ್ತು ತಿಂಗಳಿನ ಅಮೆರಿಕದ ಶಿಶುಗಳೊಡನೆ ಚೀನೀ ಭಾಷಿಕರು ಹನ್ನೆರಡು ಸಲ ಕುಳಿತು ಆಡಿದರು, ಪುಸ್ತಕ ಓದಿ ಹೇಳಿದರು. ಆ ಶಿಶುಗಳು ಚೀನೀ ಧ್ವನಿಭೇದವನ್ನು ಕಲಿತವು. ಅದೇ ಪಾಠವನ್ನು ಪರದೆಯ ಮೇಲೆ ನೋಡಿದವೂ, ಧ್ವನಿಮುದ್ರಣದಲ್ಲಿ ಕೇಳಿದವೂ ಕಲಿಯಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ಆಡುವ ಮಾತಿಗೆ ಎಂಥ ಬೆಲೆಯಿದೆ ಎಂಬುದಕ್ಕೆ ಇದು ಸಾಕ್ಷಿ.

ಇಲ್ಲಿ ತಾಯಿತಂದೆಗಳು ಮರೆಯಬಾರದ ಸಂಗತಿ ಇನ್ನೊಂದಿದೆ. ಹುಟ್ಟಿನಿಂದಲೇ ಕಿವಿ ಮಂದವಾಗಿರುವ ಶಿಶುವೂ ಮೊದಲ ತಿಂಗಳುಗಳಲ್ಲಿ ಅಳುತ್ತದೆ, ಕೇಕೆ ಹಾಕುತ್ತದೆ. ಆದ್ದರಿಂದ ಮನೆಯವರಿಗೆ ಅನುಮಾನವೇ ಬರುವುದಿಲ್ಲ. “ನಮ್ಮ ವಂಶದಲ್ಲಿ ಮಾತು ತಡ” ಎಂದು ಎರಡು ಮೂರು ವರ್ಷ ಕಾಯುವಷ್ಟರಲ್ಲಿ ಅಮೂಲ್ಯವಾದ ಕಾಲ ಕಳೆದುಹೋಗುತ್ತದೆ. ಒಂದು ತಿಂಗಳೊಳಗೆ ಶ್ರವಣ ಪರೀಕ್ಷೆ, ಮೂರು ತಿಂಗಳೊಳಗೆ ದೋಷದ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ತಜ್ಞರ ಸಲಹೆ. ಮಲಗಿದ ಕೂಸಿನ ಕಿವಿಯಲ್ಲಿ ಚಿಕ್ಕ ಸಾಧನವನ್ನಿಟ್ಟು ಮಾಡುವ ಮೊದಲ ಪರೀಕ್ಷೆಯಿಂದ ನೋವಿಲ್ಲ. ಕೆಲವೇ ನಿಮಿಷ ಸಾಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಬೇಕಾದ ತಜ್ಞರೂ ಸೌಲಭ್ಯಗಳೂ ಇವೆ.

ಎಣ್ಣೆ ನೀರು ಹಾಕುವಾಗ, ತೊಟ್ಟಿಲು ತೂಗುವಾಗ ಅಜ್ಜಿಯು ಕೂಸಿನೊಡನೆ ಆಡುತ್ತಿದ್ದ ಮಾತು ವ್ಯರ್ಥವಾದ ಹರಟೆಯಾಗಿರಲಿಲ್ಲ. ಅದು ಭಾಷೆಯ ಮೊದಲ ಪಾಠವಾಗಿತ್ತು. ಅಳುವ ಮಗುವಿನ ಮುಂದೆ ಮೊಬೈಲು ಹಿಡಿಯುವ ಮುನ್ನ ಇದನ್ನು ನೆನೆಯೋಣ. ಕೂಸು ಮರುಮಾತಾಡದೆ ಇರಬಹುದು. ಆದರೆ ನಮ್ಮ ಒಂದೊಂದು ನುಡಿಯಿಂದಲೂ ಅದು ಕಲಿಯುತ್ತಲೇ ಇರುತ್ತದೆ.