ಹಳೆಯ ಜೀಪಿನ ಬ್ರೇಕ್ ಪೈಪು ಬದಲಾಯಿಸುವಾಗ

ನಮ್ಮ ಸದಸ್ಯರ ತೋಟಗಳಲ್ಲಿ ಇಂದಿಗೂ ದುಡಿಯುತ್ತಿರುವ ಹಳೆಯ ಜೀಪುಗಳು ಕಡಿಮೆಯೇನಲ್ಲ. 2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ಕಾರುಗಳೂ ಅಲ್ಲೊಂದು ಇಲ್ಲೊಂದು ಶೆಡ್ಡಿನಲ್ಲಿವೆ. ಎಂಜಿನ್ನಿಗೆ, ಟೈರಿಗೆ ತೋರುವ ಕಾಳಜಿಯನ್ನು ಚಾಸಿಯ ಕೆಳಗೆ ಹಾದುಹೋಗಿರುವ ಬ್ರೇಕ್ ಪೈಪಿಗೆ ಯಾರೂ ತೋರುವುದಿಲ್ಲ. ಬಹಳ ಹಳೆಯ ಜೀಪುಗಳಲ್ಲಿ ಮಾಸ್ಟರ್ ಸಿಲಿಂಡರಿಗೆ ಒಂದೇ ಕೋಣೆ. ನಾಲ್ಕು ಚಕ್ರಗಳಲ್ಲಿ ಯಾವುದೇ ಒಂದರ ಪೈಪು ಒಡೆದರೂ ಪೆಡಲು ಸೀದಾ ನೆಲಕ್ಕೆ ಹೋಗುತ್ತದೆ. ನಾಲ್ಕೂ ಬ್ರೇಕು ಒಟ್ಟಿಗೆ ಇಲ್ಲವಾಗುತ್ತದೆ. ಕಾಫಿ ಮೂಟೆ ಹೇರಿಕೊಂಡು ಚಾರ್ಮಾಡಿ ಇಳಿಯುವಾಗ ಹೀಗಾದರೆ ಏನೆಂಬುದನ್ನು ಬರೆಯಬೇಕಾಗಿಲ್ಲ.

ಈ ಪೈಪು ಉಕ್ಕಿನದು, ಹೊರಗಿನಿಂದ ತುಕ್ಕು ಹಿಡಿಯುತ್ತದೆ. ಕ್ಲಿಪ್ಪಿನ ಅಡಿಯಲ್ಲಿ, ಹಿಂದಿನ ಆಕ್ಸಲ್ ಮೇಲೆ, ಕೆಸರು ಕೂತು ಒಣಗದ ಜಾಗದಲ್ಲಿ ಮೊದಲು ಸವೆಯುತ್ತದೆ. ತೋಟದ ಗಾಡಿಗೆ ಇನ್ನೊಂದು ಶತ್ರುವಿದೆ. ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕಾಗಿದೆಯೇ ಎಂದು ನೋಡಲು ಚಾಕುವಿನ ಅಲಗು ಅದ್ದುತ್ತೇವಲ್ಲ, ಸಾಲದಿದ್ದರೆ ಅದರ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಮೈಲುತುತ್ತದ ನೀರು ಕಬ್ಬಿಣವನ್ನು ತಿನ್ನುವ ಗುರುತು ಅದು. ಡ್ರಮ್ಮಿನಿಂದ ಜೀಪಿನೊಳಗೆ ತುಳುಕಿ ಕೆಳಗಿಳಿದ ಮೈಲುತುತ್ತದ ನೀರು ಬ್ರೇಕ್ ಪೈಪಿಗೂ ಅದನ್ನೇ ಮಾಡುತ್ತದೆ. ಪೊಟ್ಯಾಷ್ ಗೊಬ್ಬರದ ಚೀಲ ಒಡೆದು ಉದುರಿದ್ದೂ ಹಾಗೆಯೇ. ಸಾಗಿಸಿದ ದಿನವೇ ಅಡಿಭಾಗಕ್ಕೆ ನೀರು ಹಾಕಿ ತೊಳೆಯತಕ್ಕದ್ದು.

ಮಳೆಗಾಲಕ್ಕೆ ಮೊದಲು ಪೈಪನ್ನು ತಂತಿ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ ನೋಡಿ. ಬರೀ ಬಣ್ಣ ಹೋಗಿದ್ದರೆ ಚಿಂತೆಯಿಲ್ಲ. ಗುಳಿ ಬಿದ್ದಿದ್ದರೆ ಆ ಪೈಪನ್ನು ತುದಿಯಿಂದ ತುದಿಗೆ ಬದಲಾಯಿಸಬೇಕು. ನಡುವೆ ಕತ್ತರಿಸಿ ಹಿತ್ತಾಳೆ ಉಂಗುರದ ಜಾಯಿಂಟು ಹಾಕಿ ಕೊಡುವವರಿದ್ದಾರೆ. ಅಂಥ ಜಾಯಿಂಟು ನೀರಿನ ಕೊಳಾಯಿಗೆ ಸರಿ. ಜೋರಾಗಿ ಬ್ರೇಕ್ ಒತ್ತಿದಾಗ ಪೈಪಿನೊಳಗೆ ಚದರ ಅಂಗುಲಕ್ಕೆ 1,000 ಪೌಂಡಿನ ಆಸುಪಾಸು ಒತ್ತಡ ಏಳಬಹುದು, ಉಂಗುರ ಜಾರಿಬಿಡುತ್ತದೆ.

ಬರೀ ತಾಮ್ರದ ಪೈಪೂ ಕೂಡದು. ಬಗ್ಗಿಸಲು ಸುಲಭ, ತುಕ್ಕು ಹಿಡಿಯುವುದಿಲ್ಲ ಎಂದು ಆಸೆ ಹುಟ್ಟುವುದು ಸಹಜ. ಆದರೆ ಗಾಡಿಯ ನಡುಕಕ್ಕೆ ತಾಮ್ರ ಬರಬರುತ್ತಾ ಗಡುಸಾಗಿ ಕೊನೆಗೆ ಬಿರಿಯುತ್ತದೆ. ಬ್ರೇಕಿಗೆಂದೇ ತಯಾರಾದ ಎರಡು ಪದರದ ಉಕ್ಕಿನ ಪೈಪನ್ನು ಕೇಳಿ ತರಬೇಕು. ತಾಮ್ರಕ್ಕೆ ನಿಕಲ್ ಬೆರೆಸಿದ ಬ್ರೇಕ್ ಪೈಪು ಸಿಕ್ಕಿದರೆ ಇನ್ನೂ ಒಳ್ಳೆಯದು, ನಮ್ಮ ಮಳೆಗೆ ಅದು ಜಗ್ಗುವುದಿಲ್ಲ.

ಇನ್ನು ನಟ್ಟಿನ ವಿಷಯ. ಹೆಚ್ಚಿನ ಅನಾಹುತ ಆಗುವುದು ಇಲ್ಲಿಯೇ. ಅಂಗುಲದ ಅಳತೆಯ ಹಳೆಯ ಗಾಡಿಗಳಲ್ಲಿ 3/16 ಅಂಗುಲದ ಪೈಪಿಗೆ ಸಾಧಾರಣವಾಗಿ 3/8 ಅಂಗುಲದ ನಟ್ಟು, ಅಂಗುಲಕ್ಕೆ 24 ತ್ರೆಡ್ಡು. ಈಚಿನ ಗಾಡಿಗಳಲ್ಲಿ ಅದೇ ದಪ್ಪದ ಪೈಪಿಗೆ 10 ಮಿಲಿಮೀಟರ್ ನಟ್ಟು, 1 ಮಿಲಿಮೀಟರ್ ತ್ರೆಡ್ಡು. ಕೈಯಲ್ಲಿ ಹಿಡಿದರೆ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. 3/8 ಅಂಗುಲವೆಂದರೆ ಒಂಬತ್ತೂವರೆ ಮಿಲಿಮೀಟರ್. ಅಂಗುಲದ ನಟ್ಟು ಮಿಲಿಮೀಟರ್ ತೂತಿಗೆ ಸಡಿಲವಾಗಿ ಹೋಗಿ, ಬಿಗಿಯಾದಂತೆ ತೋರಿ, ಒತ್ತಡ ಬಿದ್ದಾಗ ಕಿತ್ತು ಬರುತ್ತದೆ. ಮಿಲಿಮೀಟರ್ ನಟ್ಟನ್ನು ಅಂಗುಲದ ತೂತಿಗೆ ಸ್ಪ್ಯಾನರಿನಿಂದ ತುರುಕಿದರೆ ಸಿಲಿಂಡರೇ ಹಾಳು. ನಮ್ಮ ಜೀಪುಗಳಲ್ಲಿ ಒಂದು ಚಕ್ರದ ಸಿಲಿಂಡರು ಒಂದು ಕಾಲದ್ದು, ಇನ್ನೊಂದರದು ಇನ್ನೊಂದು ಕಾಲದ್ದು ಆಗಿರುವುದುಂಟು. ಆದ್ದರಿಂದ ಪ್ರತಿ ತುದಿಯ ಹಳೆಯ ನಟ್ಟನ್ನೂ ಚೀಟಿ ಕಟ್ಟಿ ಅಂಗಡಿಗೆ ಒಯ್ಯಿರಿ. ಸರಿಯಾದ ನಟ್ಟು ಬೆರಳಿನಿಂದಲೇ ಕೊನೆಯವರೆಗೆ ತಿರುಗುತ್ತದೆ, ಅಲುಗಾಡುವುದಿಲ್ಲ.

ಪೈಪಿನ ತುದಿಯನ್ನೂ ಹೊಂದಿಸಬೇಕು. ಅಂಗುಲದ ಅಳತೆಯವಕ್ಕೆ ಸಾಮಾನ್ಯವಾಗಿ ಅಂಚನ್ನು ಎರಡು ಮಡಿಕೆ ಮಾಡಿ ಕಹಳೆಯ ಬಾಯಿಯಂತೆ ಅಗಲಿಸಿರುತ್ತದೆ. ಈಚಿನ ಅನೇಕ ಗಾಡಿಗಳಲ್ಲಿ ತುದಿ ಗುಳ್ಳೆಯಂತೆ ಉಬ್ಬಿರುತ್ತದೆ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಒಂದೇ ಮಡಿಕೆಯ ಬಾಯಿ ಉಕ್ಕಿನ ಪೈಪಿನಲ್ಲಿ ಸೀಳುತ್ತದೆ, ಒಪ್ಪಬೇಡಿ. ಸೋರದಂತೆ ತಡೆಯುವುದು ಈ ಬಾಯಿಯೇ ಹೊರತು ತ್ರೆಡ್ಡಲ್ಲ. ಬಿಳಿ ಟೇಪು ಸುತ್ತುವುದು ವ್ಯರ್ಥ; ಅದರ ಚೂರು ಒಳಗೆ ಹೋದರೆ ಅಪಾಯ ಬೇರೆ.

ಬಿಚ್ಚುವ ಹಿಂದಿನ ರಾತ್ರಿ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಹಳೆಯ ಪೈಪನ್ನು ಎಸೆಯದೆ, ಅದನ್ನೇ ಮಾದರಿಯಾಗಿಟ್ಟು ಹೊಸದನ್ನು ಬಗ್ಗಿಸಬೇಕು. ಬಾಯಿ ಅಗಲಿಸುವ ಮುಂಚೆ ನಟ್ಟು ಪೋಣಿಸಲು ಮರೆಯಬಾರದು (ಮರೆಯದ ಮಿಸ್ತ್ರಿ ಇಲ್ಲ). ಬಗ್ಗಿಸುವಾಗ ನುಲಿದು ಮಡಿಕೆ ಬಿದ್ದದ್ದನ್ನು ಬಳಸುವಂತಿಲ್ಲ. ಸೈಲೆನ್ಸರಿನಿಂದ ದೂರವಿಟ್ಟು, ಹಳೆಯ ಕ್ಲಿಪ್ಪಿನ ಜಾಗದಲ್ಲೆಲ್ಲ ಕ್ಲಿಪ್ಪು ಹಾಕಿಸಿ. ರಬ್ಬರ್ ಹೋಸುಗಳು ಹಳತಾಗಿದ್ದರೆ ಅವನ್ನೂ ಈಗಲೇ ಬದಲಾಯಿಸಿ. ಒಳಗಿನಿಂದ ಊದಿಕೊಂಡ ಹೋಸು ಎಣ್ಣೆಯನ್ನು ಹಿಂದಕ್ಕೆ ಬಿಡದೆ ಚಕ್ರವನ್ನು ಹಿಡಿದಿಡುತ್ತದೆ. ಹೋಸಿನ ತುದಿಯಲ್ಲಿ ತಾಮ್ರದ ವಾಷರ್ ಇದ್ದರೆ ಹೊಸದೇ ಆಗಬೇಕು.

ಬ್ರೇಕ್ ಎಣ್ಣೆ ಡಾಟ್ 3 ಅಥವಾ ಡಾಟ್ 4, ಡಬ್ಬಿ ಆಗಷ್ಟೇ ಒಡೆದದ್ದು. ಈ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದೆಂಬುದು ನಿಯಮ. ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಸೀಮೆಎಣ್ಣೆ, ಎಂಜಿನ್ ಎಣ್ಣೆಯ ಒಂದು ತೊಟ್ಟೂ ತಾಗಕೂಡದು, ರಬ್ಬರೆಲ್ಲ ಊದಿ ಕೆಡುತ್ತದೆ.

ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಆರಂಭಿಸಿ ಹತ್ತಿರದ್ದಕ್ಕೆ ಬರಬೇಕು. ಡಬ್ಬಿಯಲ್ಲಿ ಎಣ್ಣೆ ಖಾಲಿಯಾಗಲು ಬಿಡಬೇಡಿ. ಆಮೇಲೆ ಒಬ್ಬರು ಪೆಡಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಿಡಿದಿರಲಿ, ಇನ್ನೊಬ್ಬರು ಟಾರ್ಚು ಹಿಡಿದು ಪ್ರತಿ ಜಾಯಿಂಟನ್ನೂ ಒಣ ಬಟ್ಟೆಯಿಂದ ಒರೆಸಿ ನೋಡಲಿ. ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಹೋಸು ಎಲ್ಲಿಯೂ ಉಜ್ಜುತ್ತಿಲ್ಲವೆಂದು ಖಾತ್ರಿಮಾಡಿಕೊಳ್ಳಿ. ಮೊದಲ ಓಟ ಕಣದ ಮಟ್ಟಸದ ನೆಲದಲ್ಲಿ, ಖಾಲಿ ಗಾಡಿಯಲ್ಲಿ. ಮಾರನೆಯ ಬೆಳಿಗ್ಗೆ ಎಣ್ಣೆಯ ಮಟ್ಟ ಇಳಿದಿಲ್ಲವೆಂದು ಕಂಡ ಮೇಲೆಯೇ ಮೂಟೆ ಹೇರಿ.