ತುಟಿಯ ಮೇಲಿನ ಗುಳ್ಳೆ: ಅದು ಉಷ್ಣ ಅಲ್ಲ, ಅಂಟುವ ವೈರಸ್

ಜ್ವರ ಬಿಟ್ಟ ಮೇಲೆ, ಇಲ್ಲವೇ ಎರಡು ದಿನ ಬಿಸಿಲಲ್ಲಿ ಅಲೆದ ಮೇಲೆ ತುಟಿಯ ಅಂಚಿನಲ್ಲಿ ಸಣ್ಣ ಗುಳ್ಳೆಗಳ ಗುಂಪೊಂದು ಏಳುವುದನ್ನು ನೀವು ನೋಡಿರುತ್ತೀರಿ. ನಮ್ಮ ಮನೆಗಳಲ್ಲಿ ಇದಕ್ಕೆ ‘ಉಷ್ಣ ಆಗಿದೆ’ ಅಂತಾರೆ. ಎಳನೀರು ಕುಡಿ, ಸರಿಹೋಗುತ್ತೆ ಅಂತಾರೆ. ವಾರ, ಹತ್ತು ದಿನದಲ್ಲಿ ಸರಿಹೋಗುವುದೂ ನಿಜ. ಆದರೆ ಸರಿಮಾಡುವುದು ಎಳನೀರಲ್ಲ, ನಮ್ಮ ದೇಹದ ರೋಗನಿರೋಧಕ ಶಕ್ತಿ. ಗುಳ್ಳೆಗೆ ಕಾರಣ ಹರ್ಪಿಸ್ ಸಿಂಪ್ಲೆಕ್ಸ್ ಟೈಪ್ 1 ಎಂಬ ವೈರಸ್.

ಉಷ್ಣ ಅಂದುಕೊಂಡರೆ ನಷ್ಟವೇನು ಅಂತ ಕೇಳಬಹುದು. ಉಷ್ಣ ಒಬ್ಬರಿಂದ ಇನ್ನೊಬ್ಬರಿಗೆ ಅಂಟಲ್ಲ, ಇದು ಅಂಟುತ್ತೆ. ದೊಡ್ಡವರಿಗೆ ಸಾಮಾನ್ಯವಾಗಿ ನಾಲ್ಕು ದಿನದ ಕಿರಿಕಿರಿ, ಹಸುಗೂಸಿಗೆ ಮಾತ್ರ ಪ್ರಾಣದ ಪ್ರಶ್ನೆ. ಇವತ್ತಿನ ಸಂಚಿಕೆ ಅದರ ಬಗ್ಗೆ.

ಮೊದಲು ಒಂದು ಸಮಾಧಾನದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ, ಅಂದರೆ ಶೇ. 64ರಷ್ಟು ಮಂದಿಯಲ್ಲಿ ಈ ವೈರಸ್ ಇದೆ. ಬಹಳಷ್ಟು ಜನಕ್ಕೆ ಚಿಕ್ಕಂದಿನಲ್ಲೇ, ಮನೆಯವರ ಮುತ್ತಿನಿಂದಲೇ ಬಂದಿರುತ್ತೆ. ಹೆಚ್ಚಿನವರಿಗೆ ಬಂದದ್ದೇ ಗೊತ್ತಿರಲ್ಲ. ಹಾಗಾಗಿ ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಇನ್ನೊಂದು ಮಾತು: ಬಾಯಿಯ ಒಳಗೆ, ಕೆನ್ನೆಯ ಒಳಭಾಗದಲ್ಲಿ ಆಗಾಗ ಆಗುವ ಬಿಳಿ ಹುಣ್ಣು ಬೇರೆ. ಅದು ಹರ್ಪಿಸ್ ಅಲ್ಲ, ಅಂಟುವುದೂ ಇಲ್ಲ.

ಗುಳ್ಳೆ ವಾಸಿಯಾದ ಮೇಲೆ ವೈರಸ್ ಎಲ್ಲಿಗೆ ಹೋಗುತ್ತೆ? ಎಲ್ಲಿಗೂ ಇಲ್ಲ. ಮುಖದ ಸ್ಪರ್ಶವನ್ನು ಮಿದುಳಿಗೆ ಮುಟ್ಟಿಸುವ ಟ್ರೈಜೆಮಿನಲ್ ಅನ್ನೋ ನರ ಇದೆ. ಮೊದಲ ಸಲ ಸೋಂಕಾದಾಗಲೇ ವೈರಸ್ ಆ ನರದ ಎಳೆ ಹಿಡಿದು ತಲೆಬುರುಡೆಯ ತಳದಲ್ಲಿರುವ ನರಕೋಶಗಳ ಗುಂಪಿಗೆ ಹೋಗಿ ಸೇರಿರುತ್ತೆ. ಅಲ್ಲಿ ತನ್ನ ಪ್ರೋಟೀನ್‌ಗಳನ್ನು ಬಹುಮಟ್ಟಿಗೆ ತಯಾರಿಸದೆ ಸುಮ್ಮನಿರುವುದರಿಂದ ರೋಗನಿರೋಧಕ ವ್ಯವಸ್ಥೆ ಅದನ್ನು ತೊಲಗಿಸಲಾಗದು. ಜ್ವರ, ಬಿಸಿಲು, ಆಯಾಸ, ಮಾನಸಿಕ ಒತ್ತಡ, ಮುಟ್ಟು, ಇಂಥ ಯಾವುದಾದರೂ ನೆಪ ಸಿಕ್ಕರೆ ಎದ್ದು, ಅದೇ ಎಳೆ ಹಿಡಿದು ತುಟಿಗೆ ವಾಪಸ್ ಬರುತ್ತೆ. ಗುಳ್ಳೆ ಪ್ರತಿ ಸಲ ಹೆಚ್ಚುಕಮ್ಮಿ ಅದೇ ಜಾಗದಲ್ಲಿ ಏಳುವುದು ಅದಕ್ಕೇ.

ಹರಡುವುದು ಚರ್ಮದ ಸ್ಪರ್ಶದಿಂದ ಮತ್ತು ಎಂಜಲಿನಿಂದ. ಗುಳ್ಳೆಯೊಳಗಿನ ನೀರಿನಲ್ಲಿ ವೈರಸ್ ತುಂಬಿರುತ್ತೆ, ಅದು ಒಡೆದು ಒಸರುವಾಗ ಅಪಾಯ ಅತಿ ಹೆಚ್ಚು. ಆದರೆ ಎಚ್ಚರಿಕೆ ಶುರುವಾಗಬೇಕಾದ್ದು ಅದಕ್ಕೂ ಮೊದಲು, ತುಟಿ ಚುರುಗುಟ್ಟಲು ಶುರುವಾದ ಗಳಿಗೆಯಿಂದ. ಹಕ್ಕಳೆ ಪೂರ್ತಿ ಉದುರಿ ಚರ್ಮ ಕೂಡುವವರೆಗೂ ಅದು ಮುಂದುವರಿಯಬೇಕು. ಗುಳ್ಳೆಯೇ ಇಲ್ಲದ ದಿನಗಳಲ್ಲೂ ಆಗೊಮ್ಮೆ ಈಗೊಮ್ಮೆ ಎಂಜಲಿನಲ್ಲಿ ವೈರಸ್ ಇರಬಹುದು, ಆದರೆ ಪ್ರಮಾಣ ಕಡಿಮೆ. ಲೋಟ, ಚಮಚದಿಂದ ಬರುವ ಸಾಧ್ಯತೆಯೂ ಕಡಿಮೆ. ವೈರಸ್‌ನ ಹೊರಪದರ ಕೊಬ್ಬಿನದು, ಸೋಪಿಗೆ ಕರಗಿಹೋಗುತ್ತೆ. ಆದರೂ ಗುಳ್ಳೆ ಇದ್ದಾಗ ಲೋಟ, ಟವೆಲ್, ಲಿಪ್ ಬಾಮ್ ಹಂಚಿಕೊಳ್ಳಬೇಡಿ.

ಈಗ ಮಗುವಿನ ವಿಷಯ. ನವಜಾತ ಶಿಶುವಿಗೆ ಹರ್ಪಿಸ್ ಬರುವುದು ಅಪರೂಪ. ಬಂದರೂ ಹೆಚ್ಚಿನವು ಹೆರಿಗೆ ಸಮಯದಲ್ಲಿ ತಾಯಿಯಿಂದ ಬಂದಿರುತ್ತವೆ. ಸುಮಾರು ಹತ್ತರಲ್ಲಿ ಒಂದು ಹುಟ್ಟಿದ ಮೇಲೆ, ಹತ್ತಿರದವರ ಮುತ್ತು, ಸ್ಪರ್ಶದಿಂದ ಬರುವಂಥದ್ದು. ಮೊದಲ ನಾಲ್ಕರಿಂದ ಆರು ವಾರ ಮಗುವಿನ ರೋಗನಿರೋಧಕ ಶಕ್ತಿ ಇನ್ನೂ ಎಳೆಯದು. ವೈರಸ್ ತುಟಿಯಲ್ಲಿ ನಿಲ್ಲದೆ ಯಕೃತ್ತಿಗೆ, ಶ್ವಾಸಕೋಶಕ್ಕೆ, ಮಿದುಳಿಗೆ ಹರಡಬಲ್ಲದು. ನಮ್ಮಲ್ಲಿ ನಾಮಕರಣ ಮಾಡುವುದು ಎಷ್ಟೋ ಮನೆಗಳಲ್ಲಿ ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ. ಅಂದರೆ ಸರಿಯಾಗಿ ಈ ಅಪಾಯದ ಅವಧಿಯಲ್ಲೇ ಮಗು ಹತ್ತಾರು ಕೈ ಬದಲಾಯಿಸುತ್ತೆ. ಬಾಣಂತನಕ್ಕೆ ಅಂತ ಊರಿಂದ ಇಡೀ ದಿನ ವಿಮಾನದಲ್ಲಿ ಕೂತು ಬಂದ ಅಜ್ಜಿಗೆ ಆಯಾಸದಿಂದಲೇ ಗುಳ್ಳೆ ಎದ್ದಿರಬಹುದು.

ಅವರಿಗೆ ಹೇಳುವುದು ಹೇಗೆ? ನಮ್ಮ ಭಾಷೆಯಲ್ಲೇ ದಾರಿ ಇದೆ. ಲೋಟಕ್ಕೆ ತುಟಿ ತಾಗಿಸದೆ ಎತ್ತಿ ಕುಡಿಯುವುದನ್ನು ಕಲಿಸಿದವರೇ ಅವರು. ‘ಅಮ್ಮಾ, ತುಟಿಯ ಗುಳ್ಳೆಯಿಂದ ಎಂಜಲು ಅಂಟುತ್ತೆ, ಮಗುವಿಗೆ ತಡ್ಕೊಳ್ಳೋ ಶಕ್ತಿ ಇಲ್ಲ, ವಾಸಿ ಆಗೋವರೆಗೂ ಮುತ್ತು ಬೇಡ’ ಅಂದರೆ ಅರ್ಥವಾಗುತ್ತೆ. ಕೈ ತೊಳೆದು ಮಗುವನ್ನು ಎತ್ತಿಕೊಳ್ಳಲಿ, ನೆಟಿಗೆ ಮುರಿದು ದೃಷ್ಟಿ ತೆಗೆಯಲಿ, ಅದಕ್ಕೇನೂ ಅಡ್ಡಿಯಿಲ್ಲ. ನೆಂಟರಿಗೂ ಮೊದಲೇ ಹೇಳಿಬಿಡಿ: ಮೊದಲ ಆರು ವಾರ ಯಾರೂ ಮುತ್ತು ಕೊಡೋದು ಬೇಡ. ಎಲ್ಲರಿಗೂ ಒಂದೇ ನಿಯಮ ಅಂದರೆ ಯಾರಿಗೂ ಬೇಜಾರಿಲ್ಲ. ತಾಯಿಗೇ ಗುಳ್ಳೆ ಎದ್ದಿದ್ದರೆ ಮಾಸ್ಕ್ ಹಾಕಿ, ಕೈ ತೊಳೆದು ಹಾಲು ಕೊಡಬಹುದು, ಎದೆಯ ಮೇಲೆ ಗುಳ್ಳೆ ಇಲ್ಲದಿದ್ದರೆ ಸಾಕು.

ಹಸುಗೂಸು ಹಾಲು ಕುಡಿಯದಿದ್ದರೆ, ಮಂಕಾಗಿದ್ದರೆ, ಮೈ ಬಿಸಿಯಾಗಿ ಅಥವಾ ತಣ್ಣಗಾಗಿ ಇದ್ದರೆ, ಗುಳ್ಳೆ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ. ಮನೆಯಲ್ಲಿ ಯಾರಿಗಾದರೂ ತುಟಿ ಗುಳ್ಳೆ ಇತ್ತು ಅನ್ನೋದನ್ನ ವೈದ್ಯರಿಗೆ ತಪ್ಪದೆ ಹೇಳಿ. ಏಸೈಕ್ಲೊವಿರ್ ಎಂಬ ಔಷಧ ರಕ್ತನಾಳದ ಮೂಲಕ ಬೇಗ ಸಿಕ್ಕಷ್ಟೂ ಮಗು ಉಳಿಯುವ ಸಾಧ್ಯತೆ ಹೆಚ್ಚು.

ದೊಡ್ಡವರಿಗೂ ಇದೇ ಔಷಧ, ಮುಲಾಮು ಅಥವಾ ಮಾತ್ರೆ ರೂಪದಲ್ಲಿ. ತುಟಿ ಚುರುಗುಟ್ಟುವಾಗಲೇ ಶುರುಮಾಡಿದರೆ ಮಾತ್ರ ಹೆಚ್ಚು ಉಪಯೋಗ. ನರದಲ್ಲಿ ಅಡಗಿರುವ ವೈರಸ್ಸನ್ನು ಅದು ತೆಗೆಯಲ್ಲ. ಮುಲಾಮು ಹಚ್ಚಿದ ಮೇಲೆ ಕೈ ತೊಳೆಯಿರಿ, ಆ ಕೈ ಕಣ್ಣಿಗೆ ಹೋಗದಿರಲಿ. ಕಣ್ಣಿಗೆ ತಗುಲಿದರೆ ದೃಷ್ಟಿಗೇ ಕುತ್ತು. ಗುಳ್ಳೆ ಇದ್ದಾಗ ಮುಖಮೈಥುನವೂ ಬೇಡ, ಇದೇ ವೈರಸ್ ಜನನಾಂಗಕ್ಕೂ ಅಂಟುತ್ತೆ. ಎಕ್ಸಿಮಾ ಇರುವವರಿಂದ, ಕೀಮೋಥೆರಪಿಯಲ್ಲಿ ಇರುವವರಿಂದಲೂ ಗುಳ್ಳೆಯನ್ನು ದೂರ ಇಡಿ.

ನಿಮ್ಮ ಬಳಗದಲ್ಲಿ ಯಾರಾದರೂ ತುಂಬು ಬಸುರಿ ಇದ್ದರೆ ಈ ಸಂಚಿಕೆಯನ್ನು ಅವರ ಮನೆಯ ಹಿರಿಯರಿಗೂ ಕೇಳಿಸಿ.